ಊಟದ ಪಟ್ಟಿ ಬರೆಯುವ ಮುಂಚೆ ಕಿವಿ ಕೊಡಬೇಕು

ಖಾನಾವಳಿಯ ಗೋಡೆಗೆ ಊಟದ ಪಟ್ಟಿ ಬರೆದುಕೊಡಿ ಎಂದು ಕರೆ ಬಂದರೆ, ಮೊದಲ ಸಲ ಹೋಗುವಾಗ ನಾನು ಬ್ರಷ್ಷು, ಬಣ್ಣದ ಡಬ್ಬಿ ಒಯ್ಯುವುದಿಲ್ಲ. ಮಧ್ಯಾಹ್ನದ ಊಟದ ಗದ್ದಲದ ಹೊತ್ತಿಗೆ ಹೋಗಿ ಗಲ್ಲಾದ ಪಕ್ಕ ಕೂರುತ್ತೇನೆ. ಗಿರಾಕಿ ಒಳಗೆ ಬಂದ ಕೂಡಲೇ ಏನು ಕೇಳುತ್ತಾನೆ, ಸಪ್ಲಾಯರ್ ಹುಡುಗ ಅದನ್ನು ಅಡುಗೆಮನೆ ಕಡೆಗೆ ಹೇಗೆ ಕೂಗುತ್ತಾನೆ, ಒಳಗಿನಿಂದ ಏನು ಉತ್ತರ ಬರುತ್ತದೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಕಲಬುರಗಿಯಲ್ಲಿ ಬೋರ್ಡು ಬರೆದೇ ಸಂಸಾರ ನಡೆಸಿದವನು ನಾನು. ನಮ್ಮ ಕಸುಬಿನಲ್ಲಿ ಕೈಗಿಂತ ಮೊದಲು ಕಿವಿ ಕೆಲಸ ಮಾಡಬೇಕು ಅನ್ನುವುದು ನನಗೆ ಖಾನಾವಳಿಗಳಲ್ಲೇ ಗೊತ್ತಾದದ್ದು.

ಗಂಜ್ ಕಡೆಯ ಒಂದು ಖಾನಾವಳಿಯ ಕೆಲಸ ಹೇಳುತ್ತೇನೆ. ತೊಗರಿ ಸುಗ್ಗಿ ಶುರುವಾದರೆ ಆಳಂದ, ಜೇವರ್ಗಿ, ಅಫಜಲಪುರ ಕಡೆಯ ರೈತರು, ಹಮಾಲರು, ಲಾರಿಯವರು ಎಲ್ಲರೂ ಅಲ್ಲಿಗೇ ಊಟಕ್ಕೆ ಬರುತ್ತಾರೆ. ಸಾವ್ಕಾರ್ರು ಕೊಟ್ಟ ಚೀಟಿಯಲ್ಲಿ ಅನ್ನ, ಸಾಂಬಾರು, ಚಪಾತಿ ಮೇಲಿದ್ದವು, ರೊಟ್ಟಿ ನಡುವೆ ಎಲ್ಲೋ ಇತ್ತು. ಕೂತು ಕೇಳಿದರೆ ಅಲ್ಲಿನ ಮಾತೇ ಬೇರೆ. ಬಂದವರೆಲ್ಲರ ಮೊದಲ ಪ್ರಶ್ನೆ, "ಪಲ್ಯ ಯಾವ್ದೈತ್ರಿ ಇವತ್ತ?" ಎರಡನೆಯದು, "ರೊಟ್ಟಿ ಬಿಸಿ ಅದಾವೋ, ಕಡಕ್ ಅದಾವೋ?" ಆಮೇಲೆ ಹಿಂಡಿ, ಮೊಸರು, ಉಳ್ಳಾಗಡ್ಡಿ. ಅನ್ನದ ಸುದ್ದಿ ಬರುವುದು ಊಟ ಮುಗಿಯಲು ಬಂದಾಗ. ಹುಡುಗ ಪಾಪ ಅವವೇ ಎರಡು ಮಾತಿಗೆ ಮಧ್ಯಾಹ್ನವಿಡೀ ಉತ್ತರ ಹೇಳುತ್ತಲೇ ಇದ್ದ, ಅಷ್ಟರಲ್ಲಿ ಆಚೆಯ ಟೇಬಲ್ಲಿನವರು ನೀರಿಗೆ ಕೂಗುತ್ತಿದ್ದರು.

ಬೋರ್ಡನ್ನು ನಾನು ಆ ಪ್ರಶ್ನೆಗಳ ಕ್ರಮದಲ್ಲೇ ಬರೆದೆ. ಎಲ್ಲಕ್ಕೂ ಮೇಲೆ ಕಪ್ಪು ಹಲಗೆ ಬಣ್ಣದ ಒಂದು ಪಟ್ಟಿ, ಇವತ್ತಿನ ಪಲ್ಯವನ್ನು ಸೀಮೆಸುಣ್ಣದಲ್ಲಿ ಬರೆದು ಅಳಿಸಲು. ಪುಂಡಿಪಲ್ಯ, ಎಣ್ಣೆಗಾಯಿ, ಹೆಸರುಕಾಳು, ಝುಣಕ, ಯಾವುದಿದ್ದರೆ ಅದು. ಅದರ ಕೆಳಗೆ ಬಿಸಿ ರೊಟ್ಟಿ, ಕಡಕ್ ರೊಟ್ಟಿ, ಎರಡೂ ಒಂದೇ ಅಳತೆಯ ಅಕ್ಷರದಲ್ಲಿ, ಅಕ್ಕಪಕ್ಕ. ಶೇಂಗಾ ಹಿಂಡಿ, ಕೆಂಪು ಖಾರ, ಮೊಸರು ಸ್ವಲ್ಪ ಸಣ್ಣದಾಗಿ. ಅನ್ನ, ಸಾರು ಕೊನೆಗೆ. ದರವನ್ನು ಗೋಡೆಗೆ ಬರೆಯಲೇ ಇಲ್ಲ. ಸಣ್ಣ ತಗಡಿನ ಬಿಲ್ಲೆಗಳ ಮೇಲೆ ಬರೆದು ಮೊಳೆಗೆ ತೂಗುಹಾಕಿದೆ. ಬೇಳೆಯ ದರ ಏರಿದರೆ ಬಿಲ್ಲೆ ಬದಲಿಸಿದರೆ ಸಾಕು, ಹಳೆ ಅಂಕಿಯ ಮೇಲೆ ಹೊಸ ಅಂಕಿ ತಿದ್ದಿದ ಗಲೀಜು ಇರುವುದಿಲ್ಲ.

ಸಾವ್ಕಾರ್ರು ಮೊದಲು ಒಪ್ಪಲಿಲ್ಲ. "ಏನ್ರಿ ಪೇಂಟರ್ ಸಾಬ್, ನಾ ಬರಕೊಟ್ಟಿದ್ದೇನು, ನೀವು ಬರದದ್ದೇನು?" ಅಂದರು. "ಒಂದೆಂಟು ದಿನ ನೋಡ್ರಿ, ಹೊಂದಲಿಲ್ಲಂದ್ರ ನಾನೇ ಬಂದು ಅಳಿಸಿ ಬರಕೊಡ್ತೀನಿ" ಅಂದೆ. ಮುಂದೆ ಒಮ್ಮೆ ಊಟಕ್ಕೆ ಹೋದಾಗ ಗಿರಾಕಿಗಳು ಬಾಗಿಲಲ್ಲೇ ನಿಂತು ಮೇಲಿನ ಕಪ್ಪು ಪಟ್ಟಿ ಓದಿ, ಕೈತೊಳೆಯಲು ಹೋಗುತ್ತಾ "ಪುಂಡಿಪಲ್ಯ, ಎರಡ್ ಕಡಕ್" ಅಂತ ಹೇಳಿಹೋಗುವುದನ್ನು ಕಂಡೆ. ಹುಡುಗ ಬರೀ ತಂದಿಡುತ್ತಿದ್ದ. ಆ ಬೋರ್ಡನ್ನು ಅಳಿಸುವ ಮಾತು ಮತ್ತೆ ಬರಲಿಲ್ಲ. ಎಳ್ಳಮಾಸಿ ಹೊತ್ತಿಗೆ ಸಾವ್ಕಾರ್ರೇ ಕರೆಕಳಿಸಿ ಬಜ್ಜಿ, ಸಜ್ಜಿ ರೊಟ್ಟಿಗೆಂದು ಬೇರೆ ತಗಡು ಬರೆಸಿಕೊಂಡರು.

ಇನ್ನು ಅಕ್ಷರದ ವಿಷಯ. ಕನ್ನಡ ಬರೆಯುವವನು ಸಾಲಿನ ಎತ್ತರವನ್ನು ಅಕ್ಷರದ ಮೈಯಿಂದ ಅಳೆಯಬಾರದು, ಒತ್ತಿನಿಂದ ಅಳೆಯಬೇಕು. ಮೇಲೆ ಗುಡಿಸಿಗೆ ಜಾಗ ಬೇಕು, ಕೆಳಗೆ ಒತ್ತಕ್ಷರಕ್ಕೆ ಅದಕ್ಕಿಂತ ಹೆಚ್ಚು ಜಾಗ ಬೇಕು. ಒಂದೂವರೆ ಫೂಟಿನ ಪಟ್ಟಿ ಸಿಕ್ಕರೆ ನಾನು ಮೈಗೆ ಒಂಬತ್ತು ಇಂಚು, ಮೇಲೆ ನಾಲ್ಕು, ಕೆಳಗೆ ಐದು ಎಂದು ದಾರ ಹೊಡೆದು ಗೆರೆ ಹಾಕಿಕೊಳ್ಳುತ್ತೇನೆ. "ರೊಟ್ಟಿ"ಯ ಟ ಒತ್ತು ಇದರಲ್ಲಿ ಆರಾಮಾಗಿ ಕೂರುತ್ತದೆ. ನಿಜವಾದ ಪರೀಕ್ಷೆ "ಎಲೆಕ್ಟ್ರಿಕಲ್ಸ್" ಎಂಬ ಅಂಗಡಿ ಹೆಸರು. ಕ ಕೆಳಗೆ ಟ, ಅದಕ್ಕೆ ತಗುಲಿ ರ, ಮೇಲೆ ಗುಡಿಸು. ಎಡದಿಂದ ಬರೆಯುತ್ತಾ ಬಂದರೆ ಆ ಜಾಗಕ್ಕೆ ಬಂದಾಗ ಉಸಿರು ಕಟ್ಟುತ್ತದೆ. ಅದಕ್ಕೇ ನಾನು ಇಂಥ ಹೆಸರಿನಲ್ಲಿ ಎಲ್ಲಕ್ಕಿಂತ ಭಾರದ ಅಕ್ಷರವನ್ನು ಮೊದಲು ಸೀಮೆಸುಣ್ಣದಲ್ಲಿ ಕೂರಿಸಿ, ಅದರ ಆಚೆ ಈಚೆ ಉಳಿದವನ್ನು ಜೋಡಿಸುತ್ತೇನೆ. ಅರ್ಕಾವೊತ್ತಿನದು ಇನ್ನೊಂದು ಗುಣ. ಅದು ಕೆಳಗೆ ಇಳಿಯುವುದಿಲ್ಲ, ಪಕ್ಕಕ್ಕೆ ಕೂರುತ್ತದೆ, ಅದಕ್ಕೆ ಒಂದು ಪೂರ್ತಿ ಅಕ್ಷರದಷ್ಟು ಅಗಲ ಬಿಡಬೇಕಾಗುತ್ತದೆ.

2014ರ ನವೆಂಬರ್ 1ಕ್ಕೆ ಊರಿನ ಹೆಸರು ಸರಕಾರಿ ಕಾಗದದಲ್ಲೂ ಕಲಬುರಗಿ ಆಯಿತಲ್ಲ, ಆಗ ಈ ಲೆಕ್ಕ ನನಗೆ ಬಹಳ ಉಪಯೋಗಕ್ಕೆ ಬಂತು. ಹಳೆ ಬೋರ್ಡುಗಳಲ್ಲಿ "ಗುಲಬರ್ಗಾ" ಇರುತ್ತಿತ್ತು. ಎಣಿಸಿದರೆ ಅದು ನಾಲ್ಕೇ ಅಕ್ಷರ, ಹೊಸದು ಐದು. ಜಾಗ ಸಾಲುವುದಿಲ್ಲ, ಇಡೀ ಬೋರ್ಡು ಹೊಸದಾಗಿ ಬರೆಯಬೇಕು ಎಂದು ಅಂಗಡಿಯವರು ಅಂದುಕೊಂಡಿದ್ದರು. ದಾರ ಹಿಡಿದು ನೋಡಿದರೆ ಅರ್ಕಾವೊತ್ತು ತಿಂದಿದ್ದ ಜಾಗವೇ ಐದನೆಯ ಅಕ್ಷರಕ್ಕೆ ಸಾಕಾಗುತ್ತಿತ್ತು. "ಲ" ಇದ್ದಲ್ಲೇ ಇತ್ತು, "ಬ"ಕ್ಕೆ ಕೊಂಬು ಎಳೆದರೆ ಆಯಿತು, ಮುಂದೊಂದು ಹಿಂದೆರಡು ಅಕ್ಷರ ಹೊಸದು. ಎರಡು ಹೆಸರೂ ಒಂದೇ ಅಗಲದಲ್ಲಿ ಹಿಡಿಸುವುದನ್ನು ಕಂಡು ನನಗೆ ಆದ ಸಂತೋಷ ಇವತ್ತಿಗೂ ಇದೆ.

ಹೈವೇ ಬದಿಯ ಕೆಲಸಕ್ಕೆ ಬೇರೆ ಲೆಕ್ಕ. ಹತ್ತು ಫೂಟು ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎನ್ನುವುದು ಪೇಂಟರುಗಳಲ್ಲಿ ರೂಢಿಯ ಮಾತು. ಇಂಗ್ಲಿಷ್‌ನ ದೊಡ್ಡಕ್ಷರಕ್ಕೆ ಅದು ನಡೆಯುತ್ತದೆ. ಕನ್ನಡಕ್ಕೆ ನಾನು ಒಂದೂವರೆ ಇಂಚು ಹಿಡಿಯುತ್ತೇನೆ. ದ ಮತ್ತು ಧ, ಪ ಮತ್ತು ಫ, ಇವುಗಳ ನಡುವಿನ ವ್ಯತ್ಯಾಸವೆಲ್ಲ ಕೆಳಗಿನ ಒಂದು ಪುಟ್ಟ ಗೀಟಿನಲ್ಲಿರುತ್ತದೆ. ಹುಮನಾಬಾದ್ ರಸ್ತೆಯಲ್ಲಿ ಓಡುವ ಗಾಡಿಯಲ್ಲಿ ಕೂತವನಿಗೆ "ಧಾಬಾ"ದ ಆ ಗೀಟು ಕಾಣಬೇಕಾದರೆ ಅದನ್ನು ಕಾಗದದ ಮೇಲೆ ಬರೆಯುವುದಕ್ಕಿಂತ ಉದ್ದ, ದಪ್ಪ ಎಳೆಯಬೇಕು. ಹತ್ತಿರದಿಂದ ನೋಡಿದವರಿಗೆ ಅದು ಅತಿಯಾಯಿತು ಅನಿಸುತ್ತದೆ. ಅವರನ್ನು ರಸ್ತೆಯ ಆಚೆ ಬದಿಗೆ ಕರೆದೊಯ್ದು ತೋರಿಸುತ್ತೇನೆ.

ಗೋಡೆಯ ಜಾತಿಯೂ ನೋಡಬೇಕು. ನಮ್ಮಲ್ಲಿ ಶಹಾಬಾದ್ ಕಲ್ಲಿನ ಗೋಡೆ, ಶಹಾಬಾದ್ ಕಲ್ಲಿನದೇ ಹಲಗೆ. ಅದು ಪದರ ಪದರವಾಗಿ ಏಳುವ ಸುಣ್ಣದ ಕಲ್ಲು, ಮುಖ ನುಣುಪು, ಬಣ್ಣ ಹೀರುವುದಿಲ್ಲ. ಎಮರಿ ಕಾಗದ ಹಾಕಿ ತಿಕ್ಕಿ ಪ್ರೈಮರ್ ಹೊಡೆಯದಿದ್ದರೆ ಮಳೆಗಾಲ ಮುಗಿಯುವುದರೊಳಗೆ ಅಕ್ಷರ ಸಿಪ್ಪೆ ಸಿಪ್ಪೆ ಎದ್ದುಬರುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ಇದಕ್ಕೆ ಪೂರ್ತಿ ತಿರುಗುಮುರುಗು. ಎಷ್ಟು ಬಣ್ಣ ಕೊಟ್ಟರೂ ಕುಡಿಯುತ್ತದೆ, ಗಿಲಾವು ಮಾಡಿಸಿಕೊಂಡೇ ಬರೆಯಬೇಕು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಎನಾಮೆಲ್ ಡಬ್ಬಿಯಲ್ಲೇ ಗಟ್ಟಿಯಾಗಿ ಬ್ರಷ್ ಜಗ್ಗುತ್ತದೆ. ಆ ದಿನಗಳಲ್ಲಿ ನಸುಕಿಗೆ ಶುರುಮಾಡಿ ಒಂಬತ್ತಕ್ಕೆಲ್ಲ ಕೆಲಸ ನಿಲ್ಲಿಸುತ್ತೇನೆ.

ಕನ್ನಡ ಮತ್ತು ಉರ್ದು ಎರಡೂ ಇರುವ ಬೋರ್ಡುಗಳು ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ. ನನ್ನ ಜೊತೆ ಉರ್ದು ಬರೆಯುವವರು ಹಳೆಯ ಕಾತಿಬರು. ಪತ್ರಿಕೆಗಳ ಪುಟಗಳನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲದವರು, ಕಂಪ್ಯೂಟರಿನಲ್ಲಿ ಉರ್ದು ಪುಟ ಜೋಡಿಸುವ ಇನ್‌ಪೇಜ್ ಬಂದ ಮೇಲೆ ಬೋರ್ಡಿನ ಕಡೆ ಹೊರಳಿದರು. ನಾನು ಅವರನ್ನು ಉಸ್ತಾದ್ ಅನ್ನುತ್ತೇನೆ. ಉರ್ದು ಬರೆಯುವ ನಸ್ತಲೀಖ್ ಶೈಲಿಯ ಅಕ್ಷರ ಬಲದ ಮೇಲಿನಿಂದ ಎಡದ ಕೆಳಕ್ಕೆ ಜಾರುತ್ತಾ ಬರುತ್ತದೆ, ಅದಕ್ಕೆ ನೆಟ್ಟನೆಯ ಗೆರೆ ಹೊಂದುವುದಿಲ್ಲ. ಅವರ ಅಳತೆ ಇಂಚಿನದಲ್ಲ, ನುಕ್ತೆಯದು. ಲೇಖನಿಯನ್ನು ಓರೆಯಾಗಿ ಒತ್ತಿದರೆ ಮೂಡುವ ಹರಳಿನಾಕಾರದ ಚುಕ್ಕೆಯೇ ನುಕ್ತಾ. ಉರ್ದುವಿನ ಮೊದಲ ಅಕ್ಷರ ಅಲಿಫ್ ಎಂದರೆ ಮೂರು ನುಕ್ತೆ ಎತ್ತರ. ಲೇಖನಿ ದಪ್ಪವಾದರೆ ನುಕ್ತೆಯೂ ದೊಡ್ಡದು, ಅಕ್ಷರವೂ ದೊಡ್ಡದು, ಪ್ರಮಾಣ ಮಾತ್ರ ಕೆಡುವುದಿಲ್ಲ. ಇದನ್ನು ನೋಡಿ ನಾನೂ ಕನ್ನಡದ ಮೈಯನ್ನು ಬ್ರಷ್ಷಿನ ಅಗಲದಿಂದ ಅಳೆಯಲು ಶುರುಮಾಡಿದೆ. ಗೋಡೆ ಯಾವುದೇ ಇರಲಿ, ಆರು ಬ್ರಷ್ ಅಗಲದ ಎತ್ತರ ಹಿಡಿದರೆ ತಲೆಕಟ್ಟು ಮತ್ತು ಹೊಟ್ಟೆ ಒಂದನ್ನೊಂದು ನುಂಗುವುದಿಲ್ಲ.

ಇಬ್ಬರೂ ಒಂದೇ ಬೋರ್ಡಿನ ಮೇಲೆ ಕೂತರೆ ನಾನು ಎಡತುದಿಯಿಂದ, ಅವರು ಬಲತುದಿಯಿಂದ ಬರುತ್ತೇವೆ. "ಜರಾ ಜಗಾ ಛೋಡೋ ಮಿಯಾ" ಎಂದು ಅವರು, "ಸಾಕು ಉಸ್ತಾದ್, ಅಲ್ಲೇ ನಿಲ್ಲಸ್ರಿ" ಎಂದು ನಾನು. ಕೆಲಸ ಮಾಡುತ್ತಾ ಮಾಡುತ್ತಾ ಒಂದು ಸಂಗತಿ ಗೊತ್ತಾಯಿತು. ಒಂದೇ ಸಾಲಿನಲ್ಲಿ ಎರಡೂ ಲಿಪಿ ಬಂದರೆ ಓದುವವನ ಕಣ್ಣು ಎರಡು ತುದಿಯಿಂದಲೂ ನಡುವಿಗೇ ಬಂದು ನಿಲ್ಲುತ್ತದೆ. ಚಹಾದ ಕಪ್ಪು, ರೊಟ್ಟಿ, ಮಿಠಾಯಿ, ಯಾವ ಚಿತ್ರವಿದ್ದರೂ ಅದರ ಜಾಗ ಅದೇ.

ಈಗ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕೆಂದು ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ ಆದ 2024ರ ತಿದ್ದುಪಡಿ ಹೇಳುತ್ತದೆ. ಹಾಗಾಗಿ ಅಂಗಡಿಯ ಹೊರಗಿನ ಹೆಸರು ಹಲಗೆಗೆ ಒಂದೇ ಸಾಲಿನ ಪದ್ಧತಿ ಬಿಟ್ಟಿದ್ದೇವೆ. ದಾರವನ್ನು ಬೋರ್ಡಿನ ಎತ್ತರಕ್ಕೆ ಹಿಡಿದು ಐದು ಮಡಿಕೆ ಮಾಡಿ, ಮೇಲಿನ ಮೂರು ಕನ್ನಡಕ್ಕೆ, ಕೆಳಗಿನ ಎರಡು ಉರ್ದು, ಇಂಗ್ಲಿಷಿಗೆ. ಒತ್ತುಗಳಿಗೆ ಇದರಿಂದ ಒಳ್ಳೆಯ ಜಾಗ ಸಿಕ್ಕಿದೆ. ಹಿಂದೆ ಕನ್ನಡವನ್ನು ಕೆಳಗಿನ ಅಂಚಿಗೆ ಒತ್ತರಿಸಿ ಬರೆಸುತ್ತಿದ್ದಾಗ ಒತ್ತುಗಳು ಚೌಕಟ್ಟಿನ ಹಿಂದೆ ಮುಚ್ಚಿಹೋಗುತ್ತಿದ್ದವು. ಖಾನಾವಳಿ ಒಳಗಿನ ಊಟದ ಪಟ್ಟಿಯಲ್ಲಿ ಮಾತ್ರ ಎಡ ಕನ್ನಡ, ಬಲ ಉರ್ದು, ನಡುವೆ ಚಿತ್ರ ಈಗಲೂ ನಡೆದಿದೆ.

ಬಣ್ಣದ ಪಾಠ ನನಗೆ ಸಿಕ್ಕಿದ್ದು ಬೀದರಿನಲ್ಲಿ. 1472ರ ಮಹಮೂದ್ ಗಾವಾನ್ ಮದರಸಾದ ಮುಖದ ಮೇಲೆ ಉಳಿದಿರುವ ಹೆಂಚಿನ ಬರಹವನ್ನು ಬೆಳಗಿನ ಬಿಸಿಲಲ್ಲಿ ನೋಡಬೇಕು. ಕಡುನೀಲಿಯ ಮೇಲೆ ಬಿಳಿ. ಅಷ್ಟೂರಿನ ಅಹಮದ್ ಷಾ ವಲಿ ಗುಮ್ಮಟದ ಒಳಗೆ ಬೆಳಕು ಕಡಿಮೆ, ಅಲ್ಲಿ ಗಾಢ ಬಣ್ಣದ ಮೇಲೆ ಚಿನ್ನದ ಅಕ್ಷರ ಬರೆದಿದ್ದಾರೆ. ಹೊರಗಿನ ಬೆಳಕಿಗೊಂದು, ಒಳಗಿನ ಮಬ್ಬಿಗೊಂದು. ನಾನೂ ಬಿಸಿಲು ಬೀಳುವ ಗೋಡೆಗೆ ನೀಲಿ-ಬಿಳಿ, ಟ್ಯೂಬ್‌ಲೈಟಿನ ಖಾನಾವಳಿ ಒಳಗೆ ಕಂದು-ಹಳದಿ ಹಿಡಿಯುತ್ತೇನೆ. ಬಿಸಿಲಲ್ಲಿ ಕೆಂಪು ಎನಾಮೆಲ್ ಎಲ್ಲಕ್ಕಿಂತ ಬೇಗ ಮಾಸುತ್ತದೆ. ಕೆಂಪೇ ಬೇಕೆಂದರೆ ರೆಡ್ ಆಕ್ಸೈಡಿನ ಇಟ್ಟಿಗೆಗೆಂಪು ಒಪ್ಪಿಸುತ್ತೇನೆ.

ಚಿತ್ರದ ಜೊತೆ ಹೆಸರು ಬರೆಯುವ ನಮ್ಮ ಕಸುಬಿಗೆ ಈ ನೆಲದಲ್ಲಿ ಎಷ್ಟು ವಯಸ್ಸು ಎಂದು ತಿಳಿಯಬೇಕಾದರೆ ಸನ್ನತಿ ಪಕ್ಕದ ಕನಗನಹಳ್ಳಿಗೆ ಹೋಗಬೇಕು. ಭೀಮಾ ದಂಡೆಯ ಆ ಸ್ತೂಪದ ಒಂದು ಸುಣ್ಣದಕಲ್ಲಿನ ಫಲಕದಲ್ಲಿ ಅರಸ ನಿಂತಿದ್ದಾನೆ, ರಾಣಿ ಇದ್ದಾಳೆ, ಪರಿವಾರದವರು ಇದ್ದಾರೆ, ಜೊತೆಗೆ ಬ್ರಾಹ್ಮಿಯಲ್ಲಿ "ರಾಯ ಅಸೋಕೊ" ಎಂದು ಕೊರೆದಿದೆ. ಕಂಡರಿಸಿದವನು ಹೆಸರನ್ನು ಒಂದು ಗೀಟೂ ಹೆಚ್ಚಿಲ್ಲದೆ ಬರೆದಿದ್ದಾನೆ. ಚಿತ್ರ ಯಾರದು ಎಂದು ಇವತ್ತು ಅನುಮಾನವಿಲ್ಲದೆ ಹೇಳಲು ಆಗುತ್ತಿರುವುದು ಅಷ್ಟು ಅಕ್ಷರಗಳಿಂದಲೇ. ಅದನ್ನು ನೋಡಿ ಬಂದಾಗಿನಿಂದ ನಾನು ಚಿತ್ರದ ಹತ್ತಿರ ಅಲಂಕಾರದ ಬಳ್ಳಿ ಎಳೆಯುವುದನ್ನು ಬಿಟ್ಟಿದ್ದೇನೆ.

ಚಿತ್ರಗಳಲ್ಲಿ ಕಷ್ಟದ್ದು ಜೋಳದ ರೊಟ್ಟಿ. ಬಿಳಿ ಬಣ್ಣದಲ್ಲಿ ದುಂಡಗೆ ತೀಡಿದರೆ ಚಂದ್ರನೂ ಅದೇ, ತಟ್ಟೆಯೂ ಅದೇ. ಬಿಡಿಸುವ ಮುಂಚೆ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅವ್ವಾರ ಹತ್ತಿರ ಒಲೆ ಮುಂದೆ ಕೂತೆ. ಕುದಿಯುವ ನೀರು ಹಾಕಿ ನಾದುತ್ತಾರೆ, ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗಿ ಇಲ್ಲವಲ್ಲ, ಬಿಸಿನೀರೇ ಅದನ್ನು ಹಿಡಿದಿಡುವುದು. ಬಡಿಯುತ್ತಾ ತಿರುಗಿಸುತ್ತಾರೆ, ಹಂಚಿಗೆ ಹಾಕಿ ಮೇಲೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. "ರೊಟ್ಟಿ ಗುಂಡಗ ಇರತೈತಿ ಖರೆ ಯಪ್ಪಾ, ಅಂಚು ಒಂದೇ ಸಮ ಇರಂಗಿಲ್ಲ ನೋಡು. ಬೆರಳು ಬಿದ್ದಲ್ಲಿ ತೆಳ್ಳಗ, ಬಿಟ್ಟಲ್ಲಿ ದಪ್ಪ" ಅಂದರು. ಕಪ್ಪು ಚುಕ್ಕೆಗಳೂ ಎಲ್ಲೆಂದರಲ್ಲಿ ಬೀಳುವುದಿಲ್ಲ, ಉಬ್ಬಿದ ಕಡೆ ಮಾತ್ರ. ಅವರು ಹೇಳಿದ ಹಾಗೆ ಬಿಳಿಗೆ ಚೂರು ಹಳದಿ, ಚೂರು ಕಪ್ಪು ಬೆರೆಸಿ, ಅಂಚನ್ನು ಸೀಳುಸೀಳಾಗಿ ಬಿಟ್ಟು, ಉಬ್ಬಿನ ಮೇಲೆ ಒಣ ಬ್ರಷ್ಷಿನಿಂದ ಕಂದು ಮುಟ್ಟಿಸಿದೆ. ಅವ್ವಾರಿಗೆ ಓದು ಬರುವುದಿಲ್ಲ. ಹೊರಗೆ ಬಂದು ನೋಡಿ, "ಬಿಸಿ ರೊಟ್ಟಿ ಇದು. ಕಡಕ್ ರೊಟ್ಟಿ ಎಲ್ಲಿ?" ಎಂದು ಕೇಳಿದರು. ಅದರ ಪಕ್ಕ ಅಂಚು ಮೇಲೆದ್ದ, ತೆಳ್ಳನೆಯ ಕಡಕ್ ರೊಟ್ಟಿಗಳ ಒಂದು ಗುಂಪಿಯನ್ನೂ ಬಿಡಿಸಿದೆ.

ಸದ್ಯ ಕೈಯಲ್ಲಿರುವುದು ಗಾಣಗಾಪುರದ ಒಂದು ಊಟದ ಮನೆಯ ಕೆಲಸ. ದತ್ತನ ದರ್ಶನಕ್ಕೆ ಮಹಾರಾಷ್ಟ್ರದವರು ಬಹಳ ಬರುವುದರಿಂದ ಕನ್ನಡದ ಕೆಳಗೆ ಮರಾಠಿ ಬೇಕಂತೆ. ದೇವನಾಗರಿಯ ತಲೆಗೆರೆ ನೇರ, ಮೇಲಿನ ಕನ್ನಡದ ಒತ್ತುಗಳು ಇಳಿದು ಅದಕ್ಕೆ ಬಡಿಯುತ್ತವೆ. ನಡುವೆ ಮೂರು ಇಂಚು ಖಾಲಿ ಬಿಟ್ಟು ದಾರ ಹೊಡೆದಿದ್ದೇನೆ. ಆದರೆ ಬರೆಯುವುದು ಹುಣ್ಣಿಮೆ ಕಳೆದ ಮೇಲೆ. ಹುಣ್ಣಿಮೆಯ ಗದ್ದಲದಲ್ಲಿ ಒಮ್ಮೆ ಅಲ್ಲಿ ಕೂತು, ಬಂದವರು ಮೊದಲು ಏನು ಕೇಳುತ್ತಾರೆಂದು ಕೇಳಿಸಿಕೊಳ್ಳಬೇಕು.