ಲಾಜಿಕ್ ಪಿನ್‌ನಿಂದ ನೆಗೆಟಿವ್ ಪಲ್ಸ್: ನನ್ನ ಅನುಭವ

ನನಗೆ ಬೇಕಿದ್ದದ್ದು 10 ಮೈಕ್ರೋಸೆಕೆಂಡಿನ ನೆಗೆಟಿವ್ ಪಲ್ಸ್, ಅಂದರೆ ವೋಲ್ಟೇಜ್ ಅಷ್ಟು ಹೊತ್ತು ಮಾತ್ರ ಸೊನ್ನೆಗಿಂತ ಕೆಳಗಿಳಿಯಬೇಕು. ಮೈಕ್ರೋಕಂಟ್ರೋಲರ್ ಪಿನ್ ಕೊಡುವುದು 0 ಅಥವಾ 5 ವೋಲ್ಟ್ ಮಾತ್ರ. ಇಷ್ಟಕ್ಕೆ ಬೇರೆ ನೆಗೆಟಿವ್ ಸಪ್ಲೈ ಜಾಸ್ತಿಯಾಯಿತು ಅನ್ನಿಸಿತು.

ಪಿನ್‌ಗೆ 100 ಓಮ್ ರೆಸಿಸ್ಟರ್, ಅದರ ಮುಂದೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಕೆಪಾಸಿಟರಿನ ಇನ್ನೊಂದು ತುದಿಯೇ ಔಟ್‌ಪುಟ್. ಅಲ್ಲಿಂದ ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್, ಜೊತೆಗೆ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ). ಡಯೋಡಿನ ಕ್ಯಾಥೋಡ್ (ಗೆರೆ ಇರುವ ತುದಿ) ಗ್ರೌಂಡ್ ಕಡೆಗಿರಬೇಕು.

ಆದರೂ ಪಲ್ಸ್‌ಗೆ ಉದ್ದನೆಯ ಬಾಲ! ಆಸಿಲೋಸ್ಕೋಪ್ ನೋಡಿದಾಗ ಕಾರಣ ಹೊಳೆಯಿತು. ನಾನು ಪಿನ್ನನ್ನು ಸುಮ್ನೆ ಲೋ (0 ವೋಲ್ಟ್) ಇಟ್ಟು, ಬೇಕಾದಾಗ ಹೈ (5 ವೋಲ್ಟ್) ಮಾಡುತ್ತಿದ್ದೆ. ಲೋಗೆ ಮರಳಿದ ಮೇಲೆ ಕೆಪಾಸಿಟರ್ ಆ 10 ಕಿಲೋ ಓಮ್ ಮೂಲಕ 1 ಮಿಲಿಸೆಕೆಂಡ್ ಟೈಮ್ ಕಾನ್‌ಸ್ಟಂಟ್‌ನಲ್ಲಿ (ರೆಸಿಸ್ಟರ್ ಮತ್ತು ಕೆಪಾಸಿಟರ್ ಬೆಲೆಗಳ ಗುಣಲಬ್ಧ, ಖಾಲಿಯಾಗುವ ವೇಗದ ಅಳತೆ) ನಿಧಾನವಾಗಿ ಖಾಲಿಯಾಗುತ್ತಿತ್ತು.

ಉಲ್ಟಾ ಮಾಡಿದೆ. ಪಿನ್ ಯಾವಾಗಲೂ ಹೈ, 10 ಮೈಕ್ರೋಸೆಕೆಂಡ್ ಮಾತ್ರ ಲೋ. ಈಗ ಸುಮಾರು ಮೈನಸ್ 5 ವೋಲ್ಟಿನ ಚೊಕ್ಕ ಪಲ್ಸ್. ಪವರ್ ಬಂದಾಗ ಏಳುವ ಪಾಸಿಟಿವ್ ಸ್ಪೈಕನ್ನು ಡಯೋಡ್ ತಡೆಯುತ್ತದೆ.