ಜಾಲಿಮುಳ್ಳಿನ ದಾರಿಗೆ ಹೊರಡೋ ಮುಂಚೆ ಟ್ಯೂಬಿಗೆ ಸೀಲೆಂಟ್ ಹಾಕಿ

ಸೈಕಲ್ಲಿಗೆ ಸಾಮಾನು ಕಟ್ಟಿಕೊಂಡು ಚಿತ್ರದುರ್ಗದ ಸುತ್ತ, ವಾಣಿವಿಲಾಸ ಸಾಗರದ ಕಡೆಯ ಬಂಡಿದಾರಿ ಹಿಡಿಯೋರು ಟ್ಯೂಬ್‌ಲೆಸ್ ಟೈರ್ ಇಲ್ಲ ಅಂತ ಹಿಂಜರಿಯಬೇಡಿ. ಮಾಮೂಲಿ ಟ್ಯೂಬಿನ ವಾಲ್ವ್ ಪಿನ್ ಬಿಚ್ಚಿ, ಅಲ್ಲಿಂದಲೇ 60ರಿಂದ 100 ಎಂಎಲ್ ಸೀಲೆಂಟ್, ಅಂದರೆ ತೂತು ಮುಚ್ಚೋ ದ್ರವ, ಹಾಕಿ, ಪಿನ್ ಕೂರಿಸಿ, ಗಾಳಿ ತುಂಬಿ ಚಕ್ರ ಚೆನ್ನಾಗಿ ತಿರುಗಿಸಿ. ಮೋಟಾರ್ ಬೈಕಿನಂಥ ದಪ್ಪ ವಾಲ್ವ್ ಆದರೆ ಯಾವ ಪಂಕ್ಚರ್ ಅಂಗಡಿಯವರಾದರೂ ಪಿನ್ ಬಿಚ್ಚಿಕೊಡ್ತಾರೆ. ತೆಳ್ಳನೆಯ ಪ್ರೆಸ್ಟಾ ವಾಲ್ವ್ ಕೆಲವದರಲ್ಲಿ ಪಿನ್ ಬರೋದೇ ಇಲ್ಲ, ಟ್ಯೂಬ್ ಕೊಳ್ಳುವಾಗಲೇ ನೋಡಿ. ಬಳ್ಳಾರಿ ಜಾಲಿಮುಳ್ಳು ಮಾಡೋ ತೂತು ಸಣ್ಣದು. ಒಳಗಿನ ಗಾಳಿಯೇ ದ್ರವವನ್ನ ಅದರೊಳಗೆ ನೂಕುತ್ತೆ, ಅದು ಅಲ್ಲೇ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತೆ. ಮುಳ್ಳು ಕಿತ್ತ ತಕ್ಷಣ ತೂತು ಕೆಳಕ್ಕೆ ಬರೋ ಹಾಗೆ ಚಕ್ರ ತಿರುಗಿಸಿ ಸ್ವಲ್ಪ ಹೊತ್ತು ನಿಲ್ಲಿಸಿ. ಆದರೆ ಗಾಳಿ ಕಮ್ಮಿ ಇದ್ದು, ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬ್ ಸೀಳಿದರೆ, ಅಥವಾ ವಾಲ್ವಿನ ಬುಡ ಹರಿದರೆ ಇದು ಕೈ ಕೊಡುತ್ತೆ. ಸೀಲೆಂಟ್ ಸುರಿದ ಕಡೆ ಪ್ಯಾಚೂ ಸರಿಯಾಗಿ ಅಂಟಲ್ಲ, ಹಾಗಾಗಿ ಹೊಸ ಟ್ಯೂಬ್ ಒಂದು ಚೀಲದಲ್ಲಿ ಇರಲೇಬೇಕು. ನಮ್ಮ ಬೇಸಿಗೆಗೆ ದ್ರವ ಬೇಗ ಒಣಗುತ್ತೆ. ಹೋದ ವರ್ಷ ಹಾಕಿದ್ದನ್ನ ನಂಬಿ ಹೊರಡಬೇಡಿ. ಇನ್ನು ದಾವಣಗೆರೆ ಕಡೆಯ ಎರೆಹೊಲದ ದಾರಿಗೆ ಯಾವ ಸೀಲೆಂಟೂ ಉತ್ತರ ಅಲ್ಲ: ಮಳೆ ಬಿದ್ದ ಮರುದಿನ ಅಂಟುಮಣ್ಣು ಟೈರಿಗೂ ಫ್ರೇಮಿಗೂ ನಡುವೆ ತುಂಬಿ ಚಕ್ರವೇ ತಿರುಗಲ್ಲ. ಅವತ್ತು ಕೆಂಪು ನೆಲದ ಅಥವಾ ಗರಸಿನ ದಾರಿಯನ್ನೇ ಆರಿಸಿಕೊಳ್ಳಿ.