ಡೋರ್ ಎತ್ತಿ ಹಾಕ್ತೀರಾ? ಮೊದಲು ಬಿಜಾಗ್ರಿ ನೋಡಿ

ಹಳೆ ಪಿಕಪ್ ಡ್ರೈವರ್ ಸೈಡ್ ಡೋರ್ ಹಾಕೋದಕ್ಕೆ ನಮ್ಮ ಬಾಗಲಕೋಟೆ ಕಡೆ ಒಂದು ಪದ್ಧತಿ ಇದೆ. ಹ್ಯಾಂಡಲ್ ಹಿಡಿದು ಸ್ವಲ್ಪ ಮೇಲೆ ಎತ್ತಿ, ಧಡ್ ಅಂತ ತಳ್ಳೋದು. ಹೊಸಬರು ಹತ್ತಿದರೆ "ಎತ್ತಿ ಹಾಕ್ರಿ" ಅಂತ ಹೇಳಿಕೊಡಬೇಕು. ನನ್ನ 2006ರ ಗಾಡಿಯದ್ದೂ ಇದೇ ಕತೆಯಾಗಿತ್ತು. ಕಬ್ಬಿನ ಹಂಗಾಮಿನಲ್ಲಿ ಮುಧೋಳ ಕಡೆಯಿಂದ ಮಹಾಲಿಂಗಪುರದ ಬೆಲ್ಲದ ಪೇಟೆಗೆ ಓಡಾಟ, ರಿವರ್ಸ್ ತೆಗೆಯುವಾಗಲೆಲ್ಲ ಡೋರ್ ತೆರೆದು ಅದರ ಮೇಲೇ ಮೈಭಾರ ಹಾಕಿ ಹಿಂದೆ ಇಣುಕೋದು. ಬಿಜಾಗ್ರಿ, ಅಂದರೆ ಡೋರ್ ತಿರುಗುವ ಕೀಲು, ಸವೆಯದೆ ಇನ್ನೇನಾಗುತ್ತೆ?

ಡೋರ್ ಸರಿಯಾಗಿ ಕಚ್ಚುತ್ತಿಲ್ಲ ಅಂದ ಕೂಡಲೇ ಎಲ್ಲರೂ ಕೈ ಹಾಕೋದು ಸ್ಟ್ರೈಕರ್‌ಗೆ, ಅಂದರೆ ಬಾಡಿ ಕಂಬದಲ್ಲಿ ಲಾಕ್ ಕಚ್ಚಿಕೊಳ್ಳುವ ಆ ಕೊಂಡಿಗೆ. ನಾನೂ ಅದನ್ನೇ ಮಾಡಿದ್ದೆ. ಸ್ಕ್ರೂ ಸಡಿಲ ಮಾಡಿ ಕೊಂಡಿಯನ್ನು ಸ್ವಲ್ಪ ಕೆಳಗೆ ಇಳಿಸಿದೆ, ಡೋರ್ ಮೆತ್ತಗೆ ಹಾಕಿಕೊಂಡಿತು, ಖುಷಿಯಾಯ್ತು. ಎರಡು ತಿಂಗಳಿಗೆ ಮತ್ತೆ ಅದೇ ಸದ್ದು. ಡೋರ್ ಇನ್ನಷ್ಟು ಜೋತುಬಿದ್ದಿತ್ತು, ಕೊಂಡಿ ಇಳಿಸೋಕೆ ಜಾಗ ಮುಗಿದಿತ್ತು. ರೋಗ ಇದ್ದದ್ದು ಬಿಜಾಗ್ರಿಯ ಪಿನ್ನು, ಅದು ತಿರುಗುವ ಬಳೆಯಂಥ ಬುಶ್ಶಿನಲ್ಲಿ.

ಪರೀಕ್ಷೆ ಸುಲಭ. ಡೋರ್ ಒಂದು ಅಡಿ ತೆರೆದು, ಹಿಂದಿನ ತುದಿಯನ್ನು ಕೆಳಗಿನಿಂದ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಗ ಇನ್ನೊಬ್ಬರು ಬಿಜಾಗ್ರಿಯ ಎರಡು ಎಲೆ ಸೇರುವ ಜಾಗದಲ್ಲಿ ಬೆರಳಿಟ್ಟಿರಬೇಕು. ಟಕ್ ಟಕ್ ಅಂತ ಬೆರಳಿಗೆ ಗೊತ್ತಾದರೆ ಪಿನ್ ಸವೆದಿದೆ. ಎಲೆಯೇ ಬಾಡಿಯಿಂದ ಕದಲುತ್ತಿದ್ದರೆ ಬೋಲ್ಟ್ ಸಡಿಲ. ಎರಡೂ ಅಲ್ಲ, ಬೋಲ್ಟಿನ ಸುತ್ತಲಿನ ತಗಡೇ ಉಸಿರಾಡಿದ ಹಾಗೆ ಉಬ್ಬಿ ಇಳಿಯುತ್ತಿದೆಯಾ? ಹಾಗಾದರೆ ಬಿಜಾಗ್ರಿ ಕೂತಿರುವ ಕಂಬ ಬಿರುಕು ಬಿಟ್ಟಿದೆ ಅಥವಾ ತುಕ್ಕು ತಿಂದಿದೆ. ಅದು ಮನೆ ಕೆಲಸ ಅಲ್ಲ, ಟಿಂಕರಿಂಗ್ ಮಾಡುವವರ ಹತ್ತಿರ ಹೋಗಿ.

ಪಿನ್ ಸವೆದಿದ್ದರೆ, ಕೆಲಸದ ಹಿಂದಿನ ರಾತ್ರಿಯೇ ಪಿನ್ನಿಗೂ ಬೋಲ್ಟಿಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದುಬಿಡಿ. ಅದಿಲ್ಲದಿದ್ದರೆ ಡೀಸೆಲ್ ಹಚ್ಚಿ. ಚಿಮಣಿ ಎಣ್ಣೆ ಈಗೆಲ್ಲಿ ಸಿಗುತ್ತೆ. ಬೆಳಿಗ್ಗೆ ಗಾಜು ಪೂರ್ತಿ ಏರಿಸಿ. ಡೋರಿಗೆ ವೈರ್ ಹೋಗಿದ್ದರೆ ಬ್ಯಾಟರಿ ಕಳಚಿ. ಬಿಜಾಗ್ರಿ ಎಲ್ಲಿ ಕೂತಿದೆ ಅಂತ ಸುತ್ತಲೂ ಮಾರ್ಕರಿನಲ್ಲಿ ಗೆರೆ ಎಳೆಯಿರಿ, ಇದನ್ನು ಮಾತ್ರ ಮರೆಯಬೇಡಿ. ಡೋರಿನ ಕೆಳಗೆ ಜಾಕ್, ಅದರ ಮೇಲೆ ಹಲಗೆ, ಹಲಗೆ ಮೇಲೆ ಹಳೆ ಕೌದಿ ಮಡಚಿ ಇಡಿ, ಡೋರಿನ ಭಾರ ಅದರ ಮೇಲೆ ಬರಲಿ. ಡೋರ್ ಹಿಡಿಯೋಕೆ ಒಬ್ಬರು ಬೇಕೇ ಬೇಕು. ಒಬ್ಬನೇ ಮಾಡ್ತೀನಿ ಅನ್ನೋ ಹಟ ಬೇಡ.

ಒಂದು ಬಿಜಾಗ್ರಿ ಪೂರ್ತಿ ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ, ಆಗ ಡೋರ್ ತನ್ನ ಜಾಗ ಬಿಡೋದಿಲ್ಲ. ಪಿನ್ನಿಗೆ ತಲೆ ಯಾವ ಕಡೆ ಇದೆ ನೋಡಿ, ತಲೆ ಇಲ್ಲದ ತುದಿಯಿಂದ ಬಡಿದು ತಲೆಯ ಕಡೆಗೆ ಹೊರಡಿಸಬೇಕು. ಕೆಲವು ಗಾಡಿಗಳಲ್ಲಿ ತುದಿಯನ್ನು ರಿವೆಟ್ ಹಾಗೆ ಬಡಿದು ಅಗಲ ಮಾಡಿರುತ್ತಾರೆ, ಅದನ್ನು ಮೊದಲು ಗ್ರೈಂಡರಿನಲ್ಲಿ ಸವರಿ ತೆಗೆಯಿರಿ. ಕಿಡಿ ಗಾಜಿಗೆ ಹಾರಿದರೆ ಕಲೆ ಹೋಗೋದಿಲ್ಲ, ಒದ್ದೆ ಗೋಣಿಚೀಲ ಮುಚ್ಚಿ.

ನನ್ನ ಪಿನ್ ಹೊರಗೆ ಬಂದಾಗ ನಡುವೆ ಸೊಂಟ ಸಣ್ಣಗಾಗಿತ್ತು, ಬುಶ್ಶಿನ ತೂತು ಮೊಟ್ಟೆ ಆಕಾರ. ನಮ್ಮ ಎರೆ ಮಣ್ಣಿನ ಧೂಳು ಎಣ್ಣೆ ಜೊತೆ ಸೇರಿ ಉಜ್ಜು ಪೇಸ್ಟ್ ಆಗಿತ್ತು.

ನಿಮ್ಮ ಗಾಡಿಗೆ ರೆಡಿ ಪಿನ್ ಬುಶ್ ಸಿಕ್ಕರೆ ತಂದು ಹಾಕಿ. ಸಿಗದಿದ್ದರೆ ಲೇತ್ ಅಂಗಡಿ, ನಾನು ಜಮಖಂಡಿಯಲ್ಲಿ ಮಾಡಿಸಿದೆ. ಹಳೆ ಪಿನ್ನನ್ನೂ ಬಿಜಾಗ್ರಿಯನ್ನೂ ಕೈಯಲ್ಲೇ ಒಯ್ಯಿರಿ, ಬಾಯಲ್ಲಿ ಅಳತೆ ಹೇಳಬೇಡಿ. ಪಿನ್ನಿನ ಅಳತೆಯನ್ನು ಸವೆಯದ ತುದಿಯಲ್ಲಿ ವರ್ನಿಯರ್ ಅಳತೆಪಟ್ಟಿ ಇಟ್ಟು ತೆಗೆಯಬೇಕು. ಬುಶ್ ಹಿತ್ತಾಳೆ ಅಥವಾ ಗನ್ ಮೆಟಲ್ ಇರಲಿ. ಬಿಜಾಗ್ರಿಯ ತೂತೇ ಮೊಟ್ಟೆ ಆಗಿದ್ದರೆ ಮೊದಲು ಅದನ್ನು ಗುಂಡಗೆ ಮಾಡಿಸಿ, ಆ ಅಳತೆಗೆ ದಪ್ಪ ಬುಶ್ ಮಾಡಿಸಬೇಕು. ಇನ್ನೊಂದು ಮಾತು, ಬುಶ್ ಒಳಗೆ ಒತ್ತಿ ಕೂರಿಸಿದಾಗ ಅದರ ತೂತು ಸ್ವಲ್ಪ ಕಿರಿದಾಗುತ್ತೆ. ಅದಕ್ಕೇ ಕೂರಿಸಿದ ಮೇಲೆ ರೀಮರ್, ಅಂದರೆ ತೂತನ್ನು ಸರಿ ಅಳತೆಗೆ ನಯವಾಗಿ ಕೊರೆಯುವ ಹತಾರ, ಹೊಡೆಸಿ. ಪಿನ್ ಬೆರಳಿನಲ್ಲಿ ತಿರುಗಬೇಕು, ಆದರೆ ಅಲ್ಲಾಡಬಾರದು.

ಗ್ರೀಸ್ ಹಚ್ಚಿ ಪಿನ್ ಹೊಡೆದು, ಎರಡೂ ಮುಗಿದ ಮೇಲೆ ಸ್ಟ್ರೈಕರ್ ಬಿಚ್ಚಿ ಪಕ್ಕಕ್ಕಿಡಿ. ಹೌದು, ಪೂರ್ತಿ ಬಿಚ್ಚಿ. ಅದಿಲ್ಲದೆ ಡೋರ್ ಮೆಲ್ಲಗೆ ಹಾಕಿ ನೋಡಿದರೆ ಅದು ತಾನಾಗಿ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಾಗುತ್ತೆ. ಸುತ್ತಲಿನ ಸಂದು ಒಂದೇ ಸಮ ಇಲ್ಲದಿದ್ದರೆ ಬಿಜಾಗ್ರಿ ಬೋಲ್ಟ್ ಸ್ವಲ್ಪ ಸಡಿಲ ಮಾಡಿ, ಜಾಕ್ ಒಂದೆರಡು ಸಲ ಒತ್ತಿ ಸರಿ ಮಾಡಿ. ಆಮೇಲೆ ಸ್ಟ್ರೈಕರ್ ಕೂರಿಸಿ, ಲಾಕ್ ಬಂದು ನೇರ ನಡುವಿಗೆ ಕಚ್ಚುವ ಹಾಗೆ. ಕೊಂಡಿ ಡೋರನ್ನು ಎತ್ತಲೂಬಾರದು, ಇಳಿಸಲೂಬಾರದು. ಡೋರಿನ ಹಿಂದಿನ ಅಂಚು ಹೊರಗೆ ಉಬ್ಬಿ ನಿಂತರೆ ಕೊಂಡಿಯನ್ನು ಒಳಗೆ ಸರಿಸಿ. ರಬ್ಬರಿನ ನಡುವೆ ಕಾಗದದ ಚೂರು ಇಟ್ಟು ಡೋರ್ ಹಾಕಿ ಎಳೆಯಿರಿ, ಬಿಗಿಯಾಗಿ ಬಂದರೆ ಸರಿ, ಸುಮ್ನೆ ಜಾರಿ ಬಂದರೆ ಅಲ್ಲಿಂದ ಧೂಳೂ ಬರುತ್ತೆ.

ಲಾಕನ್ನೂ ಒಮ್ಮೆ ನೋಡಿಬಿಡಿ. ಡೋರ್ ತೆರೆದಿರುವಾಗಲೇ ಲಾಕಿನ ನಾಲಿಗೆಯನ್ನು ಸ್ಕ್ರೂ ಡ್ರೈವರಿನಲ್ಲಿ ತಿರುಗಿಸಿ, ಕಟ್ ಕಟ್ ಅಂತ ಎರಡು ಸಲ ಕಚ್ಚಬೇಕು, ಮೊದಲನೆಯದು ಅರ್ಧ, ಎರಡನೆಯದು ಪೂರ್ತಿ. ಎರಡನೆಯದು ನಿಲ್ಲದಿದ್ದರೆ ಡೋರ್ ಓಡುವಾಗ ತೆರೆದುಕೊಳ್ಳಬಹುದು. ಹಾಗಿದ್ದರೆ ಲಾಕ್ ಬದಲಿಸಿ, ಉಳಿತಾಯ ಬೇಡ. ನೋಡಿದ ಮೇಲೆ ಹ್ಯಾಂಡಲ್ ಎಳೆದು ನಾಲಿಗೆ ಬಿಡಿಸಿ, ಇಲ್ಲದಿದ್ದರೆ ಹಾಗೇ ಡೋರ್ ಬಡಿದು ಲಾಕೂ ಕೊಂಡಿಯೂ ಹಾಳಾಗುತ್ತೆ. ಕೊಳೆಯನ್ನು ಡೀಸೆಲ್, ಹಳೆ ಬ್ರಶ್ಶಿನಲ್ಲಿ ತೊಳೆದು ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿ. ಕೀಲಿ ತೂತಿಗೆ ಮಾತ್ರ ಎಣ್ಣೆ ಬೇಡ, ಪೆನ್ಸಿಲ್ ಕಡ್ಡಿ ಅರೆದ ಪುಡಿ ಸಾಕು.

ಒಂದು ವಾರ ಓಡಿಸಿದ ಮೇಲೆ ಬಿಜಾಗ್ರಿ ಬೋಲ್ಟಿಗೆ ಮತ್ತೊಮ್ಮೆ ಪಾನಾ ಹಾಕಿ. ನನ್ನದರಲ್ಲಿ ಮೇಲಿನ ಒಂದು ಬೋಲ್ಟ್ ಕಾಲು ಸುತ್ತು ತಿರುಗಿತು.